ಬರೆದವರು ಬಸ್ಸಿನ ಒಳಗಿದ್ದಾರೋ, ಹೊರಗಿದ್ದಾರೋ?

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಐಷಾರಾಮಿ ಬಸ್ಸುಗಳನ್ನು ಬಿಟ್ಟು ಉಳಿದ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಹಣ ಕೊಡದೆ ಪ್ರಯಾಣಿಸುವಂತಾಯಿತು. ಅದರೊಂದಿಗೆ ಪತ್ರಿಕೆಗಳ ಅಭಿಪ್ರಾಯ ಪುಟಗಳಿಗೂ ಬಸ್ಸು ಹತ್ತಿತು. ಪರವಾಗಿ ಬರೆದವರಿದ್ದಾರೆ, ವಿರೋಧವಾಗಿ ಬರೆದವರಿದ್ದಾರೆ. ಇವರೆಲ್ಲ ಎಲ್ಲಿ ನಿಂತು ಬಸ್ಸನ್ನು ನೋಡುತ್ತಿದ್ದಾರೆ ಎಂದು ಓದುಗರಾದ ನಾವು ಕೇಳಿಕೊಂಡದ್ದು ಕಡಿಮೆ.

ಲೇಖಕರ ನಿಲುವು ಲೇಖನದ ಕೊನೆಯಲ್ಲಿ ಸಿಗುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಅವರು ಆರಿಸಿಕೊಂಡ ಪದವೇ ಅದನ್ನು ಮೊದಲು ಹೇಳಿಬಿಡುತ್ತದೆ. ಒಂದೇ ಸೌಲಭ್ಯವನ್ನು ಒಬ್ಬರು 'ಬಿಟ್ಟಿ' ಎನ್ನುತ್ತಾರೆ, ಇನ್ನೊಬ್ಬರು 'ಉಚಿತ' ಎನ್ನುತ್ತಾರೆ, ಮತ್ತೊಬ್ಬರು 'ಹಕ್ಕು' ಎನ್ನುತ್ತಾರೆ. 'ಬಿಟ್ಟಿ' ಎಂದೊಡನೆ ಪಡೆಯುವವಳು ದುಡಿಯದೆ ತಿನ್ನುವವಳು ಎಂಬ ತೀರ್ಪು ಬಂದಾಯಿತು. ಮುಂದಿನ ವಾದವೆಲ್ಲ ಆ ತೀರ್ಪಿಗೆ ಸಮಜಾಯಿಷಿ. ವಿಚಿತ್ರವೆಂದರೆ, ನಮ್ಮ ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ. ಮನೆಯಲ್ಲಿ ಸಂಬಳವಿಲ್ಲದೆ ದುಡಿಯುವ ಹೆಣ್ಣನ್ನು ಈ ಪದದಿಂದ ಹಂಗಿಸುವಾಗ ಅದರ ಇತಿಹಾಸ ಯಾರಿಗೂ ನೆನಪಾಗುವುದಿಲ್ಲ.

'ನಿಗಮಕ್ಕೆ ನಷ್ಟ' ಎಂಬ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕು. ಮಹಿಳೆಗೆ ಕೊಡುವ ಶೂನ್ಯ ಟಿಕೆಟಿನ ಮೊತ್ತವನ್ನು ಸರಕಾರ ನಿಗಮಕ್ಕೆ ತುಂಬಿಕೊಡಬೇಕು ಎಂಬುದೇ ಯೋಜನೆಯ ಕ್ರಮ. ಹಾಗಾದರೆ ಪ್ರಶ್ನೆ ಇರುವುದು ಸರಕಾರ ಪೂರ್ತಿಯಾಗಿ, ಸಕಾಲದಲ್ಲಿ ಕೊಟ್ಟಿತೇ ಎಂಬಲ್ಲಿ. ಅದನ್ನು ಕೇಳದೆ ಬಸ್ಸು ಹತ್ತಿದವಳ ಕಡೆಗೆ ಬೆರಳು ತೋರಿಸುವ ಲೇಖನ ಯಾರ ಪಕ್ಷದಲ್ಲಿದೆ ಎಂದು ಬೇರೆ ಹೇಳಬೇಕೆ?

ಇನ್ನು ಕಾಣುವ ಮತ್ತು ಕಾಣದ ಮುಖಗಳ ವಿಷಯ. ಹೆಂಗಸರು ದೇವಸ್ಥಾನ, ಪ್ರವಾಸಿ ತಾಣಗಳಿಗೆ ಮುಗಿಬಿದ್ದರು ಎಂಬ ಕುಹಕ ಆಗ ಸಾಕಷ್ಟು ಬಂತು. ರಜಾದಿನ ಹಂಪಿಯಲ್ಲಿ ಇಳಿಯುವ ಗುಂಪು ಕ್ಯಾಮೆರಾಕ್ಕೆ ಸಿಗುತ್ತದೆ. ಕಂಪ್ಲಿಯ ಭತ್ತದ ಗದ್ದೆಗೆ ನಾಟಿ ಮಾಡಲು ಹೋಗುವವಳು, ಹೊಸಪೇಟೆಯ ಕಾಲೇಜಿಗೆ ಬರುವ ಹುಡುಗಿ ಸಿಗುವುದಿಲ್ಲ. ಹಂಪಿ ನೋಡಲು ಬಂದವಳಾದರೂ ತಪ್ಪೇನು ಮಾಡಿದಳು? ದೂರದೇಶದವರು ನೋಡಿ ಹೋಗುವ ಊರನ್ನು ಪಕ್ಕದೂರಿನ ಹೆಣ್ಣು ನೋಡಬಾರದೇ? ಸಂಡೂರಿನ ರಸ್ತೆಗಳ ಕುರಿತು ಬರೆಯುವವರ ಕಣ್ಣಿಗೂ ಅದಿರಿನ ಲಾರಿ ಬೀಳುತ್ತದೆ. ಅದೇ ಧೂಳಿನಲ್ಲಿ ಬಸ್ಸಿಗಾಗಿ ನಿಂತವರು ಬೀಳುವುದಿಲ್ಲ.

ಹಾಗೆಂದು ಪರವಾಗಿ ಬರೆದವರೆಲ್ಲ ಬಸ್ಸಿನೊಳಗಿದ್ದಾರೆ ಎನ್ನಲಾಗದು. ಅನೇಕರು ಟಿಕೆಟನ್ನು ನೋಡಿದರು, ಬಸ್ಸನ್ನು ನೋಡಲಿಲ್ಲ. ಬಸ್ಸೇ ಬಾರದ ಹಳ್ಳಿಯಲ್ಲಿ ಶೂನ್ಯ ಟಿಕೆಟಿನ ಬೆಲೆಯೂ ಶೂನ್ಯವೇ. ನೂಕುನುಗ್ಗಲಿನಲ್ಲಿ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಟಿಕೆಟ್ ಹರಿಯಬೇಕಾದ ಕಂಡಕ್ಟರನ ಪಾಡು ಇಂಥ ಲೇಖನಗಳಲ್ಲಿ ಅಪರೂಪ. 2025ರ ಜನವರಿ 5ರಿಂದ ಪ್ರಯಾಣದರ ಶೇ. 15ರಷ್ಟು ಏರಿದಾಗ ಅದು ನೇರವಾಗಿ ತಟ್ಟಿದ್ದು ಅದೇ ಮನೆಯ ಗಂಡಾಳಿನ ಕೂಲಿಗೆ. ಇದನ್ನು ಬಿಟ್ಟು ಬರೆದ ಹೊಗಳಿಕೆಯೂ ಅರ್ಧ ಸತ್ಯವೇ.

ಲೇಖಕರಿಗೆ ನಿಲುವು ಇರುವುದು ದೋಷವಲ್ಲ. ಅಭಿಪ್ರಾಯ ಪುಟ ಇರುವುದೇ ಅದಕ್ಕಾಗಿ. ಆದರೆ ತಮ್ಮ ನಿಲುವನ್ನು 'ಜನರ ಅಭಿಪ್ರಾಯ' ಎಂಬ ಹೆಸರಿನಲ್ಲಿ ಮುಂದಿಟ್ಟಾಗ ನಾವು ಎಚ್ಚರವಾಗಬೇಕು. ಯಾವ ಪದ ಬಳಸಿದ್ದಾರೆ? ಯಾರನ್ನು 'ಜನ' ಎಂದಿದ್ದಾರೆ? ಯಾರನ್ನು ಮಾತಾಡಿಸದೆ ಬಿಟ್ಟಿದ್ದಾರೆ? ಈ ಮೂರನ್ನು ಕೇಳಿಕೊಂಡು ಓದಿದರೆ ಸಾಕು. ಬಸ್ಸು ನಿಲ್ಲಿಸಬೇಕೇ, ಹೆಚ್ಚಿಸಬೇಕೇ ಎಂಬ ತೀರ್ಮಾನ ನಾಳೆ ಇಂಥ ಬರಹಗಳ ಬಲದಿಂದಲೂ ಆಗಬಹುದು. ಆಗ ನಿಲ್ದಾಣದಲ್ಲಿ ಕಾಯುತ್ತಾ ನಿಲ್ಲುವವರು ಬರೆದವರಲ್ಲ.