ತೊಗಲುಗೊಂಬೆಯಾಟದ ಹಾಸ್ಯ: ಒಂದು ವಿಮರ್ಶೆ

ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಬಂಗಾರಕ್ಕರ ಮಾತುಗಳನ್ನು ಅಶ್ಲೀಲವೆಂದು ಬದಿಗಿಟ್ಟು, ರಾಮಾಯಣ ಭಾರತಗಳ ಪ್ರಸಂಗಗಳನ್ನು ಮಾತ್ರವೇ ವಿವೇಚಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಆಟದ ಕ್ರಮವೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. ಗಣಪತಿ ಸರಸ್ವತಿಯರ ಸ್ತುತಿಯಾದ ಬಳಿಕ ಪರದೆಗೆ ಬರುವವರು ಈ ಡೊಳ್ಳುಹೊಟ್ಟೆಯ ಗಂಡ ಮತ್ತು ಅವನ ಹೆಂಡತಿ. ದೇವರನ್ನು ತೋರಿದ ದೀಪವೇ ಇವರ ಕುಣಿತವನ್ನೂ ತೋರುತ್ತದೆ. ಮಳೆ ಬಾರದಾಗ, ದನಕರುಗಳಿಗೆ ರೋಗ ತಗುಲಿದಾಗ ಆಡಿಸುತ್ತಿದ್ದ ಆಟವಿದು. ಈ ನಗೆಗೆ ದೇವರು ಮುನಿದಾನೆಂಬ ಶಂಕೆ ಆಡಿಸಿದ ಊರಿನವರಿಗೆ ಇದ್ದಂತೆ ತೋರುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹುಡುಗಿ ಮೈನೆರೆದರೆ ಹಸಿರು ಸೊಪ್ಪಿನ ಗುಡ್ಲು, ಒಸಗೆ, ಸೋಬಾನೆ ಪದಗಳುಂಟು. ಉಪನಯನವಿಲ್ಲದ ಒಕ್ಕಲು ಮನೆಯಲ್ಲಿ ಮೀಸೆ ಮೂಡುವ ಹುಡುಗನಿಗೆ ಅಂತಹ ಶಾಸ್ತ್ರವಾವುದೂ ಇಲ್ಲ. ಮನೆಯಲ್ಲಿ ಯಾರೂ ಎತ್ತದ ಮಾತನ್ನು ಗೊಂಬೆಯ ಬಾಯಿಂದ ಕೇಳಿ, ಪಕ್ಕದಲ್ಲಿ ಕುಳಿತ ಅಪ್ಪನೂ ನಗುವುದನ್ನು ಕಂಡಾಗ, ಅವನ ದಿಗಿಲು ಅರ್ಧಕ್ಕಿಳಿಯುತ್ತಿದ್ದಿರಬೇಕೆಂದು ನಮ್ಮ ಊಹೆ. ಆದರೆ ಈ ಹಾಸ್ಯದಲ್ಲಿ ಗೇಲಿಗೆ ಗುರಿಯಾಗುವುದು ಬಹುಮಟ್ಟಿಗೆ ಬಂಗಾರಕ್ಕನ ಮೈ. ಹುಡುಗನಿಗೆ ಧೈರ್ಯ ಕೊಟ್ಟ ಮಾತು, ಗುಡ್ಲಿನಿಂದ ಆಗತಾನೆ ಹೊರಬಂದು ಅದೇ ಪರದೆಯೆದುರು ಕುಳಿತ ಅವನ ತಂಗಿಗೆ ಏನು ಕೊಟ್ಟಿತೆಂಬುದನ್ನು ಆಟವನ್ನು ಹೊಗಳಿದವರೂ ಕೇಳಿಲ್ಲ, ಹಳಿದವರೂ ಕೇಳಿಲ್ಲ.