‘ಮೋಹನಸ್ವಾಮಿ’ ಕಥೆಗಳೂ ಔಚಿತ್ಯವಿಚಾರವೂ

ಶ್ರೀ ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವು ೨೦೧೩ರಲ್ಲಿ ಪ್ರಕಟವಾಯಿತು. ಗ್ರಂಥಕರ್ತರು ನಮ್ಮ ದುರ್ಗದ ಸೀಮೆಗೆ ನೆರೆಯದಾದ ಸಂಡೂರಿನವರು. ಪುರುಷನಲ್ಲಿಯೇ ಅನುರಕ್ತನಾಗುವ ಪುರುಷನೊಬ್ಬನನ್ನು ನಾಯಕನನ್ನಾಗಿ ಉಳ್ಳ ಈ ಕಥೆಗಳು ಗೃಹಸ್ಥರ ಮನೆಯಲ್ಲಿ ಓದತಕ್ಕವೇ ಎಂಬ ಪ್ರಶ್ನೆಯು ಇನ್ನೂ ಕೇಳಿಬರುತ್ತಿದೆ. ಆಕ್ಷೇಪಿಸುವವರು ಅಲಂಕಾರಶಾಸ್ತ್ರವನ್ನೇ ಮುಂದೊಡ್ಡುವುದುಂಟು. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನು ಹೇಳಿಲ್ಲವೇ? ಅನುಚಿತವಾದ ರತಿಯು ರಸಾಭಾಸವಲ್ಲವೇ?

ಮಾತು ಶಾಸ್ತ್ರದ್ದೇ ಸರಿ; ಅದನ್ನು ಪ್ರಯೋಗಿಸಿದ ಸ್ಥಳ ತಪ್ಪು. ಶೃಂಗಾರವೇ ಅಂಗಿರಸವಾಗಿದ್ದ ಪಕ್ಷದಲ್ಲಿ ಈ ಚರ್ಚೆಗೆ ಎಡೆಯಿರುತ್ತಿತ್ತು. ಇಲ್ಲಿ ಅಂಗಿಯಾಗಿರುವುದು ಕರುಣ. ಸೈಕಲ್ ಸವಾರಿಯ ಕಥೆಯನ್ನು ನೋಡಬೇಕು. ಹೆಣ್ಣಿಗನೆಂದು ಓರಗೆಯವರ ನಗೆಗೆ ಗುರಿಯಾದ ಹುಡುಗನು, ಸೈಕಲ್ ಹತ್ತುವುದನ್ನು ಕಲಿತುಬಿಟ್ಟರೆ ತಾನೂ ಎಲ್ಲರಂತೆ ಗಂಡಸಾದೇನೆಂದು ನಂಬುತ್ತಾನೆ. ಆ ನಂಬಿಕೆಯಲ್ಲಿ ಕಾಮದ ಸೋಂಕೆಲ್ಲಿದೆ? ತನ್ನ ಪ್ರಕೃತಿಯನ್ನೇ ರೋಗವೆಂದು ತಿಳಿದು, ಅದಕ್ಕೆ ಎರಡು ಚಕ್ರಗಳಲ್ಲಿ ಮದ್ದು ಹುಡುಕುವ ಎಳೆಯ ಜೀವದ ದೈನ್ಯವೇ ಅಲ್ಲಿರುವುದು. ಓದುಗನು ಮೊದಲು ನಕ್ಕು, ನಕ್ಕದ್ದಕ್ಕೆ ಆಮೇಲೆ ನಾಚುತ್ತಾನೆ. ರಸವು ಕೆಟ್ಟಿದ್ದರೆ ಈ ನಾಚಿಕೆ ಹುಟ್ಟುತ್ತಿರಲಿಲ್ಲ.

ಅನೌಚಿತ್ಯವನ್ನು ಹುಡುಕಲೇಬೇಕೆಂಬವರು ಅದನ್ನು ಹುಡುಗನಲ್ಲಿ ಅಲ್ಲ, ಅವನ ಸುತ್ತ ನೆರೆದ ನಗೆಯಲ್ಲಿ ಹುಡುಕಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಆಟದ ಬಯಲುಗಳಲ್ಲಿ ಆ ನಗೆಯು ಕೇಳದುದೇನಲ್ಲ. ನಡೆ ಮೃದುವಾದ, ದನಿ ಒಡೆಯದ ಹುಡುಗನಿಗೆ ಅಡ್ಡಹೆಸರಿಡುವುದು ಪ್ರೌಢಶಾಲೆಗಳಲ್ಲಿ ವಿನೋದವೆಂದೇ ನಡೆದುಬಂದಿದೆ. ಕೇಳಿದ ಉಪಾಧ್ಯಾಯರೂ ಮುಗುಳ್ನಕ್ಕರೆ, ದೂರು ಕೊಡಲು ಅವನಿಗೆ ಯಾವ ಬಾಗಿಲು ಉಳಿಯಿತು? ಮನೆಯಲ್ಲಿ ಹೇಳಲು ಮಾತೇ ಇಲ್ಲ. ಗ್ರಂಥಕರ್ತರೇ ಈ ಬಗೆಯ ಮೊದಲ ಕಥೆಯನ್ನು ಪತ್ರಿಕೆಗೆ ಕೊಟ್ಟಾಗ ಬೇರೊಂದು ಹೆಸರನ್ನು ಇಟ್ಟುಕೊಂಡಿದ್ದರು. ಪ್ರೌಢವಯಸ್ಸಿನ, ಹೆಸರಾಂತ ಲೇಖಕರಿಗೇ ಈ ಮರೆ ಬೇಕಾಗಿದ್ದಲ್ಲಿ ಒಂಬತ್ತನೆಯ ತರಗತಿಯ ಬಾಲಕನ ಪಾಡನ್ನು ಊಹಿಸಿಕೊಳ್ಳಬಹುದು.

ಇದು ಪರದೇಶದಿಂದ ಬಂದ ವಿಷಯವೆಂಬ ಇನ್ನೊಂದು ಆಕ್ಷೇಪವೂ ಗಟ್ಟಿಯಾದುದಲ್ಲ. ವಾತ್ಸ್ಯಾಯನನು ತೃತೀಯಾ ಪ್ರಕೃತಿಯನ್ನು ಹೆಸರಿಸಿಯೇ ಚರ್ಚಿಸಿದ್ದಾನೆ. ಅವನು ಹೇಳುವವರೂ ಮೋಹನಸ್ವಾಮಿಯೂ ಒಂದೇ ಎನ್ನಲಾಗದು, ಅದು ಬೇರೆ ಮಾತು. ಆದರೆ ಶಾಸ್ತ್ರಕಾರನು ಮುಖ ತಿರುಗಿಸಲಿಲ್ಲವಷ್ಟೆ. ಪರದೇಶದಿಂದ ಬಂದದ್ದು ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮು. ಪುಸ್ತಕವು ಹೊರಬಂದ ವರ್ಷದ ಡಿಸೆಂಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ಎತ್ತಿಹಿಡಿಯಿತು. ೨೦೧೮ರ ಸೆಪ್ಟೆಂಬರ್ ೬ರಂದು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಅದೇ ನ್ಯಾಯಾಲಯವು ತೀರ್ಪಿತ್ತಿತು. ತೀರ್ಪು ಶಾಲೆಯ ಬಯಲಿನವರೆಗೆ ಬಂದು ಮುಟ್ಟುವುದು ನಿಧಾನ.

ದೋಷಗಳಿಲ್ಲವೆಂದಲ್ಲ. ನಾಯಕನ ಕಣ್ಣೀರಿಗೆ ಲೇಖಕರು ಕೆಲವೆಡೆ ಅಗತ್ಯಕ್ಕಿಂತ ಹೆಚ್ಚು ಅವಕಾಶ ಕೊಟ್ಟಿದ್ದಾರೆ. ಕರುಣವು ಮಿತಿಮೀರಿದಾಗ ತೆಳುವಾಗುತ್ತದೆ. ಒಂದೆರಡು ಕಡೆ ವಿವರಗಳು ಧ್ವನಿಗೆ ಎಡೆಗೊಡದಷ್ಟು ಬಿಚ್ಚಿಕೊಂಡಿವೆ. ನಗುವವರ ಅಂತರಂಗಕ್ಕೆ ಲೇಖನಿಯು ಅಷ್ಟಾಗಿ ಇಳಿಯುವುದಿಲ್ಲವೆಂಬುದು ಇವೆರಡಕ್ಕಿಂತ ದೊಡ್ಡ ಕೊರತೆ. ಅಡ್ಡಹೆಸರಿಟ್ಟ ಹುಡುಗನಿಗೆ ಯಾವುದರ ಭಯವಿತ್ತು ಎಂಬುದೂ ಒಂದು ಕಥೆಯೇ. ಅದನ್ನು ಬರೆಯಲು ಬೇಕಾದ ಕಸುವು ಈ ಲೇಖಕರಲ್ಲಿದೆ.