ಬಿಡಿಯಲ್ಲಿ ಪಾಸು, ಇಡಿಯಲ್ಲಿ?

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಮೊದಲ ಸಲ ಹಾರಿದ ಏರಿಯಾನ್-5 ರಾಕೆಟ್ ಸುಮಾರು 3,700 ಮೀಟರ್ ಎತ್ತರದಲ್ಲಿ ದಾರಿ ತಪ್ಪಿ ಸಿಡಿದುಹೋಯಿತು. ಒಳಗಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು. ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ಮಂಡಳಿ ಜುಲೈನಲ್ಲೇ ಕೊಟ್ಟ ತನಿಖಾ ವರದಿಯನ್ನು ಟೆಸ್ಟಿಂಗ್ ಕೆಲಸದಲ್ಲಿರುವ ನಾನು ಮತ್ತೆ ಮತ್ತೆ ಓದುತ್ತೇನೆ.

64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಜಾಗಕ್ಕೆ ಇಳಿಸಹೋದಾಗ ಅದು ಹಿಡಿಸಲಿಲ್ಲ. ರಾಕೆಟ್ಟಿನ ಚಲನೆ, ವಾಲಿಕೆಗಳನ್ನು ಅಳೆಯುವ ಘಟಕ ಕೆಲಸ ನಿಲ್ಲಿಸಿತು. ಆಪತ್ತಿಗಿರಲೆಂದು ಇಟ್ಟಿದ್ದ ಇನ್ನೊಂದು ಘಟಕದಲ್ಲೂ ಅದೇ ಸಾಫ್ಟ್‌ವೇರ್. ಅದು ತುಸು ಮೊದಲೇ ನಿಂತಿತ್ತು. ಘಟಕ ಕಳಿಸಿದ ದೋಷದ ವಿವರವನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿಯೆಂದೇ ನಂಬಿ ಬೆಂಕಿ ಉಗುಳುವ ನಾಝಲ್‌ಗಳನ್ನು ಪೂರ್ತಿ ವಾಲಿಸಿತು. ಆ ಸಂಖ್ಯೆಯ ಲೆಕ್ಕವಾದರೋ ಹಿಂದಿನ ರಾಕೆಟ್ ಏರಿಯಾನ್-4ರಿಂದ ಹಾಗೇ ಬಂದದ್ದು, ಏರಿಯಾನ್-5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ.

ಹೆಚ್ಚಿನವರು ಈ ಸಂಖ್ಯೆಯ ಕತೆಗೇ ನಿಲ್ಲುತ್ತಾರೆ. ವರದಿಯ ಜೀವಾಳ ಇರುವುದು ಪರೀಕ್ಷೆಯ ಭಾಗದಲ್ಲಿ. ಇಡೀ ವ್ಯವಸ್ಥೆಯನ್ನು ಜೋಡಿಸಿ ನೋಡುವಾಗ ನಿಜವಾದ ಘಟಕವನ್ನು ಕೂರಿಸಿರಲಿಲ್ಲ. ಅದರ ಪಾತ್ರವನ್ನು ಕಂಪ್ಯೂಟರಿನ ಮಾದರಿಯೊಂದು ವಹಿಸಿತ್ತು. ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ: ಘಟಕ ಬಿಡಿಯಾಗಿ ಆಗಲೇ ಪಾಸಾಗಿತ್ತು, ಅದಕ್ಕೆ ಬೇಕಾದಷ್ಟು ನಿಖರ ಸಂಕೇತಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸುವುದು ಕಷ್ಟವಿತ್ತು. ಎರಡನೆಯದು ನಿಜವಾದ ತೊಡಕು, ಒಪ್ಪುತ್ತೇನೆ. ಮೊದಲನೆಯದನ್ನು ಒಪ್ಪಲಾರೆ. ಹಿಡಿಸದೆ ಹೋದ ಆ ಸಂಖ್ಯೆ ಅವಲಂಬಿಸಿದ್ದ ಅಡ್ಡವೇಗ ಏರಿಯಾನ್-5ರಲ್ಲಿ ಏರಿಯಾನ್-4ರದಕ್ಕಿಂತ ಐದು ಪಟ್ಟು ಬೇಗ ಏರುತ್ತಿತ್ತು. ಆದರೂ ಅದರ ಪಥದ ಅಂಕಿಗಳು ಘಟಕಕ್ಕೆ ಕೊಟ್ಟ ಅಗತ್ಯಗಳ ಪಟ್ಟಿಯಲ್ಲೇ ಇರಲಿಲ್ಲ. ಹಾಗಾದರೆ ಅದು ಪಾಸಾದದ್ದು ಯಾವ ಪ್ರಶ್ನೆಗೆ?

ನಾನು ಕೆಲಸ ಮಾಡಿದ ಒಂದು ಕಡೆಯೂ ಪರೀಕ್ಷೆಗೆಂದು ಬ್ಯಾಂಕಿನ ಸರ್ವರ್ ಜಾಗದಲ್ಲಿ ಮಾಕ್ (ಅದರಂತೆ ನಟಿಸುವ ನಕಲಿ) ಇಟ್ಟಿದ್ದೆವು. ಏನು ಕಳಿಸಿದರೂ ಅರೆ ಸೆಕೆಂಡಿನಲ್ಲಿ ‘ಯಶಸ್ವಿ’ ಎನ್ನುತ್ತಿತ್ತು. ಬಿಡುಗಡೆಯ ದಿನ ನಿಜವಾದ ಸರ್ವರ್ ತಡವಾಗಿ ಉತ್ತರಿಸಿತು. ನಮ್ಮ ಆ್ಯಪ್ ಕಾಯದೆ ಮತ್ತೊಮ್ಮೆ ಹಣ ಕೇಳಿತು. ಒಬ್ಬ ಮುದುಕರ ಪಿಂಚಣಿ ಖಾತೆಯಿಂದ ಎರಡು ಸಲ ಹಣ ಹೋಗಿತ್ತು. ಆ ದೂರನ್ನು ಓದಿದವಳು ನಾನೇ.

ವರದಿ ಯಾವೊಬ್ಬ ಪ್ರೋಗ್ರಾಮರನ ತಲೆಗೂ ತಪ್ಪು ಕಟ್ಟುವುದಿಲ್ಲ. ಅದು ಅದರ ದೊಡ್ಡತನ. ಸಾಧ್ಯವಾದಷ್ಟು ನಿಜವಾದ ಉಪಕರಣಗಳನ್ನೇ ಇಟ್ಟು ಇಡಿಯಾಗಿ ಪರೀಕ್ಷಿಸಿ ಎನ್ನುತ್ತದೆ. ಸಾಧ್ಯವಿತ್ತೆಂಬುದಕ್ಕೆ ಸಾಕ್ಷಿಯೂ ಅದರಲ್ಲೇ ಇದೆ: ಅಪಘಾತದ ನಂತರ ನಿಜವಾದ ಸಾಫ್ಟ್‌ವೇರಿಗೆ ನಿಜವಾದ ಪಥದ ಅಂಕಿಗಳನ್ನು ಉಣಿಸಿದಾಗ, ಅದೇ ವೈಫಲ್ಯ ನೆಲದ ಮೇಲೆ ಮರುಕಳಿಸಿತು.